ಕೊಟ್ಟೂರಿನ ಹಾದಿ ನಡೆಸುವ ಕಸುವು: ದೇಹದಲ್ಲಿ ಶಕ್ತಿ ಹುಟ್ಟುವ ಬಗೆ

ಮಾಘ ಮಾಸದ ಕೃಷ್ಣಪಕ್ಷ ಬಂತೆಂದರೆ ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಯ ರಸ್ತೆಗಳಲ್ಲಿ ಕೊಟ್ಟೂರಿನತ್ತ ಹೆಜ್ಜೆ ಹಾಕುವವರ ಸಾಲು ಕಾಣತೊಡಗುತ್ತದೆ. ವಿಜಯನಗರ ಜಿಲ್ಲೆಯ ಕೊಟ್ಟೂರಿನಲ್ಲಿ ಶಿವರಾತ್ರಿಗೆ ಕೆಲವು ದಿನ ಮುಂಚೆ ಜರುಗುವ ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ಸಾವಿರಾರು ಭಕ್ತರು ಕಾಲ್ನಡಿಗೆಯಲ್ಲೇ ಬಂದು ಸೇರುತ್ತಾರೆ. ದಾವಣಗೆರೆಯಿಂದ ಹೊರಟವರಿಗೆ ಈ ಹಾದಿ ಎಪ್ಪತ್ತು ಕಿಲೋಮೀಟರಿನ ಆಸುಪಾಸು.

ಹೀಗೆ ನಡೆಯುವವರಲ್ಲಿ ಹೊಲದ ದುಡಿಮೆಗೆ ಮೈ ಪಳಗಿಸಿಕೊಂಡ ರೈತರು ಇರುವಂತೆಯೇ, ವರ್ಷವಿಡೀ ಕಚೇರಿಯ ಕುರ್ಚಿ ಬಿಟ್ಟು ಏಳದ ನೌಕರರೂ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ದಿನ ಕಳೆಯುವ ವ್ಯಾಪಾರಿಗಳೂ ಇರುತ್ತಾರೆ. ಹರಕೆ ಎಲ್ಲರಿಗೂ ಒಂದೇ, ಆದರೆ ದೇಹದ ಸಿದ್ಧತೆ ಒಂದೇ ಅಲ್ಲ. ಕೆಲವರು ನಗುನಗುತ್ತ ಊರು ಮುಟ್ಟಿದರೆ, ಕೆಲವರು ಅರ್ಧ ದಾರಿಯಲ್ಲೇ ಕಣ್ಣು ಕತ್ತಲೆ ಬಂದು ಕುಸಿಯುತ್ತಾರೆ. ಈ ವ್ಯತ್ಯಾಸದ ಬಹುಪಾಲು ಕಾರಣ ಅಡಗಿರುವುದು ಒಂದೇ ಪ್ರಶ್ನೆಯಲ್ಲಿ: ನಡೆಯುವ ಕಾಲಿಗೆ ಬೇಕಾದ ಶಕ್ತಿಯನ್ನು ದೇಹ ಎಲ್ಲಿಂದ, ಯಾವ ಕ್ರಮದಲ್ಲಿ ಒದಗಿಸುತ್ತದೆ? ಇದನ್ನು ತಿಳಿದವರು ಪಾದಯಾತ್ರೆಯನ್ನಷ್ಟೇ ಅಲ್ಲ, ಯಾವುದೇ ವ್ಯಾಯಾಮವನ್ನೂ ಅಪಾಯವಿಲ್ಲದೆ ಮಾಡಬಲ್ಲರು.

ಶಕ್ತಿಯ ಚಿಲ್ಲರೆ ನಾಣ್ಯ

ನಾವು ತಿಂದ ರೊಟ್ಟಿ, ಅನ್ನ, ಎಣ್ಣೆ ಯಾವುದೂ ನೇರವಾಗಿ ಸ್ನಾಯುವನ್ನು ಕುಗ್ಗಿಸಲಾರದು. ಸ್ನಾಯುವಿನ ಜೀವಕೋಶಕ್ಕೆ ಸಲ್ಲುವ ನಾಣ್ಯ ಒಂದೇ. ಅದರ ಹೆಸರು ಅಡೆನೊಸಿನ್ ಟ್ರೈಫಾಸ್ಫೇಟ್, ಸಂಕ್ಷಿಪ್ತವಾಗಿ ಎಟಿಪಿ. ಮೂರು ಫಾಸ್ಫೇಟ್ ಗುಂಪುಗಳ ಸರಪಳಿಯುಳ್ಳ ಈ ಅಣುವಿನಿಂದ ಒಂದು ಫಾಸ್ಫೇಟ್ ಕಳಚಿದಾಗ ಬಿಡುಗಡೆಯಾಗುವ ಶಕ್ತಿಯೇ ಸ್ನಾಯುವಿನ ಎಳೆಗಳನ್ನು ಒಂದರ ಮೇಲೊಂದು ಜಾರಿಸುತ್ತದೆ. ಕಳಚಿದ ಅಣುವಿಗೆ ಮತ್ತೆ ಫಾಸ್ಫೇಟ್ ಜೋಡಿಸಿದರೆ ಅದು ಪುನಃ ಬಳಕೆಗೆ ಸಿದ್ಧ.

ವಿಚಿತ್ರವೆಂದರೆ ಇಷ್ಟು ಮುಖ್ಯವಾದ ನಾಣ್ಯದ ದಾಸ್ತಾನು ದೇಹದಲ್ಲಿ ತೀರಾ ಅಲ್ಪ. ಯಾವುದೇ ಒಂದು ಗಳಿಗೆಯಲ್ಲಿ ಇಡೀ ಶರೀರದಲ್ಲಿರುವ ಎಟಿಪಿ ನೂರು ಗ್ರಾಂ ಮೀರದು. ಬಿರುಸಿನ ಕೆಲಸಕ್ಕೆ ಇಷ್ಟು ಎರಡು ಮೂರು ಸೆಕೆಂಡಿಗೆ ಸಾಲಬಹುದು, ಅಷ್ಟೇ. ಹೀಗಾಗಿ ದೇಹ ಅದೇ ಅಣುಗಳನ್ನು ಮತ್ತೆ ಮತ್ತೆ ತುಂಬಿಸಿಕೊಳ್ಳುತ್ತದೆ. ಒಂದು ದಿನದಲ್ಲಿ ಹೀಗೆ ಕಳಚಿ ಜೋಡಿಸಿದ ಎಟಿಪಿಯ ಒಟ್ಟು ತೂಕ ಮನುಷ್ಯನ ಸ್ವಂತ ತೂಕದ ಹತ್ತಿರಕ್ಕೆ ಬರುತ್ತದೆ! ವ್ಯಾಯಾಮದ ಶರೀರಶಾಸ್ತ್ರವೆಂದರೆ ಈ ನಾಣ್ಯವನ್ನು ಯಾವ ವೇಗದಲ್ಲಿ, ಯಾವ ಕಚ್ಚಾವಸ್ತುವಿನಿಂದ ಮರಳಿ ತುಂಬಿಸಲಾಗುತ್ತದೆ ಎಂಬುದರ ಅಧ್ಯಯನವೇ ಆಗಿದೆ. ಇದಕ್ಕೆ ದೇಹದಲ್ಲಿ ಮೂರು ವ್ಯವಸ್ಥೆಗಳಿವೆ.

ಒಂದನೆಯದು: ತೇರಿನ ಹಗ್ಗದ ಮೊದಲ ಎಳೆತ

ನಿಂತ ತೇರನ್ನು ಅಲುಗಿಸುವುದಕ್ಕೆ ಬೇಕಾದ ಬಲ ಅಪಾರ. ಹಗ್ಗ ಹಿಡಿದವರು ಒಮ್ಮೆಗೇ ಮೈಯೆಲ್ಲ ಬಿಗಿದು ಎಳೆಯುವ ಆ ಕೆಲವು ಸೆಕೆಂಡುಗಳಲ್ಲಿ ಉಸಿರಿನ ಆಮ್ಲಜನಕ ಸ್ನಾಯುವಿಗೆ ಹೆಚ್ಚಾಗಿ ತಲುಪುವಷ್ಟೂ ಸಮಯವಿರುವುದಿಲ್ಲ. ಆಗ ನೆರವಿಗೆ ಬರುವುದು ಸ್ನಾಯುವಿನಲ್ಲೇ ಕೂಡಿಟ್ಟಿರುವ ಕ್ರಿಯಾಟಿನ್ ಫಾಸ್ಫೇಟ್. ಇದು ತನ್ನ ಫಾಸ್ಫೇಟನ್ನು ನೇರವಾಗಿ ದಾನ ಮಾಡಿ ಎಟಿಪಿಯನ್ನು ಕ್ಷಣಾರ್ಧದಲ್ಲಿ ಪುನಃ ತುಂಬಿಸುತ್ತದೆ. ಆಮ್ಲಜನಕದ ಹಂಗಿಲ್ಲ. ಆದರೆ ಪೂರ್ಣ ಬಲದಲ್ಲಿ ಎಳೆದರೆ ಈ ಸಂಗ್ರಹ ಹತ್ತು ಸೆಕೆಂಡಿನ ಸುಮಾರಿಗೆ ಬಹುತೇಕ ತೀರುತ್ತದೆ. ನೂರು ಮೀಟರ್ ಓಟ, ಸಂಗ್ರಾಣಿ ಕಲ್ಲು ಎತ್ತುವುದು, ಕುಸ್ತಿಯ ಒಂದು ಪಟ್ಟು ಎಲ್ಲವೂ ಇದೇ ಖಾತೆಯ ಖರ್ಚುಗಳು.

ಎಳೆತದ ನಂತರ ತೇರು ನಿಂತು, ಜನ ಸುಧಾರಿಸಿಕೊಂಡರೆ ಸಂಗ್ರಹ ಮತ್ತೆ ತುಂಬುತ್ತದೆ. ಅರ್ಧದಷ್ಟು ಮರುಭರ್ತಿಗೆ ಅರ್ಧ ನಿಮಿಷ ಸಾಕು. ಪೂರ್ತಿಯಾಗಲು ಮೂರರಿಂದ ಐದು ನಿಮಿಷ ಬೇಕು. ನಿಂತು ನಿಂತು ಎಳೆಯುವವರಿಗೆ ಪ್ರತಿ ಸಲವೂ ಹೊಸ ಕಸುವು ಬಂದಂತೆ ಅನಿಸುವುದರ ಗುಟ್ಟು ಇದೇ.

ಈ ವಸ್ತುವಿನ ಶೋಧದಲ್ಲಿ ಭಾರತೀಯರೊಬ್ಬರ ಪಾಲು ದೊಡ್ಡದೆಂಬುದನ್ನು ಇಲ್ಲಿ ನೆನೆಯಬೇಕು. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕೆ ಅವರೊಡನೆ ದುಡಿಯುತ್ತಿದ್ದ ಯಲ್ಲಾಪ್ರಗಡ ಸುಬ್ಬರಾವ್ 1927ರಲ್ಲಿ ಸ್ನಾಯುವಿನ ಕ್ರಿಯಾಟಿನ್ ಫಾಸ್ಫೇಟನ್ನು ಗುರುತಿಸಿದರು. 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್ ಎಟಿಪಿಯನ್ನು ಪ್ರಕಟಪಡಿಸಿದಾಗ, ಅದೇ ವರ್ಷ ಈ ಜೋಡಿಯೂ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿತ್ತು. 1895ರಲ್ಲಿ ಭೀಮಾವರಂನಲ್ಲಿ ಜನಿಸಿದ ಸುಬ್ಬರಾವ್ ಓದಿದ್ದು ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ. ಅಂದು ಭೀಮಾವರಂ ಇದ್ದ ಅದೇ ಮದ್ರಾಸ್ ಪ್ರಾಂತ್ಯದಲ್ಲಿಯೇ ಕೊಟ್ಟೂರನ್ನೊಳಗೊಂಡ ಬಳ್ಳಾರಿ ಜಿಲ್ಲೆಯೂ ಇತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಎರಡನೆಯದು: ಏದುಸಿರಿನ ಒಂದೆರಡು ನಿಮಿಷ

ಕಬಡ್ಡಿಯಲ್ಲಿ ದಾಳಿಗಾರನಿಗೆ ದೊರೆಯುವ ಅವಧಿ 30 ಸೆಕೆಂಡು. ನಾನೂರು ಮೀಟರ್ ಓಟಕ್ಕೆ ಸಾಮಾನ್ಯ ಯುವಕನಿಗೆ ಒಂದು ನಿಮಿಷದಷ್ಟು ಬೇಕು. ಬಸ್ಸು ತಪ್ಪೀತೆಂದು ನಿಲ್ದಾಣದವರೆಗೆ ಓಡುವುದೂ ಇಷ್ಟೇ ಹೊತ್ತಿನ ಕೆಲಸ. ಇಂತಹ ದುಡಿಮೆಗೆ ಕ್ರಿಯಾಟಿನ್ ಫಾಸ್ಫೇಟ್ ಸಾಲದು. ಆಗ ಸ್ನಾಯುವಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಪಿಷ್ಟ ಒಡೆದು ಗ್ಲೂಕೋಸ್ ರೂಪ ತಾಳಿ, ಆಮ್ಲಜನಕವಿಲ್ಲದೆಯೇ ಅರ್ಧಂಬರ್ಧ ವಿಭಜನೆಗೊಳ್ಳುತ್ತದೆ.

ವೇಗ ಇದರ ಲಾಭ. ಪೋಲು ಇದರ ದೋಷ. ಒಂದು ಗ್ಲೂಕೋಸ್ ಅಣು ಈ ದಾರಿಯಲ್ಲಿ ಕೊಡುವ ಎಟಿಪಿ ಕೇವಲ ಎರಡು. ಅದೇ ಅಣು ಆಮ್ಲಜನಕದೊಡನೆ ಪೂರ್ಣವಾಗಿ ಉರಿದರೆ ದೊರೆಯುವುದು ಮೂವತ್ತಕ್ಕೂ ಹೆಚ್ಚು. ಜೊತೆಗೆ ಲ್ಯಾಕ್ಟೇಟ್ ಉತ್ಪತ್ತಿಯಾಗಿ, ಸ್ನಾಯುವಿನೊಳಗೆ ಆಮ್ಲೀಯತೆ ಏರಿ, ಕಾಲು ಭಾರವೆನಿಸುತ್ತದೆ. ಲ್ಯಾಕ್ಟೇಟ್ ಕಸವೇನೂ ಅಲ್ಲ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಯಕೃತ್ತು ಅದರಿಂದ ಮತ್ತೆ ಗ್ಲೂಕೋಸ್ ತಯಾರಿಸುತ್ತದೆ. ಆದರೆ ಇದೇ ಗತಿಯಲ್ಲಿ ಹೆಚ್ಚು ಹೊತ್ತು ಮುಂದುವರಿಯುವುದು ಯಾರಿಂದಲೂ ಆಗದು.

ಮೂರನೆಯದು: ಗಂಟೆಗಟ್ಟಲೆ ನಡೆಸುವ ಒಲೆ

ಪಾದಯಾತ್ರಿಯನ್ನು ಕೊಟ್ಟೂರಿಗೆ ಮುಟ್ಟಿಸುವುದು ಈ ಮೂರನೆಯ ವ್ಯವಸ್ಥೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಲ್ಲಿ ಗ್ಲೂಕೋಸ್ ಮತ್ತು ಕೊಬ್ಬು ಆಮ್ಲಜನಕದೊಡನೆ ನಿಧಾನವಾಗಿ ಉರಿದು, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಪರಿವರ್ತನೆ ಹೊಂದುತ್ತವೆ. ಈ ಉರಿಯುವಿಕೆಯ ಮಧ್ಯದ ಕೊಂಡಿಯಾದ ಚಕ್ರವನ್ನು ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದರು. 1953ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಈ ಒಲೆಗೆ ಗಾಳಿ ಬೇಕು. ವಿಶ್ರಾಂತಿಯಲ್ಲಿರುವ ವ್ಯಕ್ತಿ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಆಮ್ಲಜನಕ ಬಳಸುತ್ತಾನೆ. ನಡೆಯತೊಡಗಿದರೆ ಅದರ ಮೂರೂವರೆ ಪಟ್ಟು ಬೇಕಾಗುತ್ತದೆ. ಉಸಿರು ಚುರುಕಾಗಿ, ಹೃದಯ ಬಡಿತ ಏರಿ, ರಕ್ತನಾಳಗಳು ಹಿಗ್ಗಿ ಪೂರೈಕೆ ಸರಿದೂಗಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಹೊರಟ ಮೊದಲ ಕೆಲವು ಹೆಜ್ಜೆ ಭಾರವೆನಿಸಿ, ಆಮೇಲೆ ಮೈ ಹಗುರಾಗುವುದು ಇದರಿಂದಲೇ.

ಮೂರೂ ವ್ಯವಸ್ಥೆಗಳು ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ ಸರದಿಯಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲವೂ ಸದಾ ಚಾಲನೆಯಲ್ಲಿರುತ್ತವೆ. ಯಾವುದರ ಪಾಲು ಎಷ್ಟು ಎಂಬುದನ್ನು ಕೆಲಸದ ಬಿರುಸು ಮತ್ತು ಅವಧಿ ನಿರ್ಧರಿಸುತ್ತವೆ.

ಎರಡು ಉಗ್ರಾಣಗಳ ಲೆಕ್ಕ

ಅರವತ್ತು ಕಿಲೋ ತೂಕದ ವ್ಯಕ್ತಿ ಸಮತಟ್ಟು ನೆಲದಲ್ಲಿ ಗಂಟೆಗೆ ಐದು ಕಿಲೋಮೀಟರಿನ ಹತ್ತಿರ ನಡೆದರೆ, ಪ್ರತಿ ಕಿಲೋಮೀಟರಿಗೆ ಖರ್ಚಾಗುವುದು ಸುಮಾರು 45 ಕಿಲೋಕ್ಯಾಲರಿ. ಎಪ್ಪತ್ತು ಕಿಲೋಮೀಟರಿಗೆ ಮೂರು ಸಾವಿರಕ್ಕೆ ಸ್ವಲ್ಪ ಮೇಲೆ. ಇಷ್ಟನ್ನು ಭರಿಸಲು ದೇಹದಲ್ಲಿ ಎರಡು ಉಗ್ರಾಣಗಳಿವೆ.

ಮೊದಲನೆಯದು ಕೊಬ್ಬು. ತೆಳ್ಳಗಿನವರ ಮೈಯಲ್ಲೂ ಹತ್ತು ಕಿಲೋದಷ್ಟು ಇರುವುದುಂಟು. ಗ್ರಾಮಿಗೆ ಒಂಬತ್ತು ಕಿಲೋಕ್ಯಾಲರಿಯಂತೆ ಲೆಕ್ಕ ಹಾಕಿದರೆ ಇದು ಕೊಟ್ಟೂರಿಗೆ ಇಪ್ಪತ್ತು ಬಾರಿಗೂ ಹೆಚ್ಚು ಹೋಗಲು ಸಾಕಾಗುವ ಸಂಪತ್ತು. ಎರಡನೆಯದು ಪಿಷ್ಟ. ಸ್ನಾಯುಗಳಲ್ಲಿ ಮುನ್ನೂರರಿಂದ ಐನೂರು ಗ್ರಾಂ, ಯಕೃತ್ತಿನಲ್ಲಿ ನೂರು ಗ್ರಾಮಿನ ಸುಮಾರು. ಗ್ರಾಮಿಗೆ ನಾಲ್ಕು ಕಿಲೋಕ್ಯಾಲರಿಯಂತೆ ಎಲ್ಲ ಸೇರಿದರೂ ಎರಡು ಸಾವಿರದ ಆಸುಪಾಸು ಮಾತ್ರ.

ಕೊಬ್ಬು ಅಷ್ಟಿರುವಾಗ ಚಿಂತೆ ಏಕೆ ಎಂಬ ಪ್ರಶ್ನೆ ಸಹಜ. ಕೊಬ್ಬಿನ ಉಗ್ರಾಣ ದೊಡ್ಡದು, ಆದರೆ ಅದರ ಬಾಗಿಲು ಕಿರಿದು. ಅದು ಕರಗಿ, ರಕ್ತದಲ್ಲಿ ಸಾಗಿ, ಸ್ನಾಯುವಿನ ಒಲೆಯನ್ನು ತಲುಪುವ ಕೆಲಸ ನಿಧಾನ. ಉರಿಯಲು ಪಿಷ್ಟಕ್ಕಿಂತ ತುಸು ಹೆಚ್ಚು ಆಮ್ಲಜನಕವನ್ನೂ ಬೇಡುತ್ತದೆ. ಅಭ್ಯಾಸವಿಲ್ಲದವರಲ್ಲಿ ನಿಮಿಷಕ್ಕೆ ಅರ್ಧ ಗ್ರಾಮಿಗಿಂತ ಹೆಚ್ಚು ಕೊಬ್ಬು ಉರಿಯುವುದು ಕಷ್ಟ. ನಿಧಾನ ನಡಿಗೆಯ ಬೇಡಿಕೆಯ ಬಹುಭಾಗವನ್ನು ಇಷ್ಟರಲ್ಲಿ ಪೂರೈಸಬಹುದು. ದಾಪುಗಾಲು ಹಾಕಿದೊಡನೆ ಅಥವಾ ಏರು ಎದುರಾದೊಡನೆ ಉಳಿದುದನ್ನು ಪಿಷ್ಟವೇ ತುಂಬಿಕೊಡಬೇಕು.

ಒಂದು ಸರಳ ಲೆಕ್ಕ ನೋಡಿ. ನಿಧಾನ ನಡೆಯುವವನು ತನ್ನ ಖರ್ಚಿನ ಅರ್ಧದಷ್ಟನ್ನು ಕೊಬ್ಬಿನಿಂದ ತೆಗೆದರೆ, ಕಿಲೋಮೀಟರಿಗೆ ವ್ಯಯವಾಗುವ ಪಿಷ್ಟದ ಶಕ್ತಿ 22 ಕಿಲೋಕ್ಯಾಲರಿ. ಸ್ನಾಯುವಿನ ನಾನೂರು ಗ್ರಾಂ ಪಿಷ್ಟ ಅವನನ್ನು ಎಪ್ಪತ್ತು ಕಿಲೋಮೀಟರ್ ದಾಟಿಸುತ್ತದೆ. ಗೆಳೆಯರೊಡನೆ ಪೈಪೋಟಿಗೆ ಬಿದ್ದು ಬಿರುಸಾಗಿ ನಡೆದವನ ಖರ್ಚು ಕಿಲೋಮೀಟರಿಗೆ 55ಕ್ಕೇರಿ, ಅದರ ಮುಕ್ಕಾಲು ಪಾಲು ಪಿಷ್ಟದ್ದಾದರೆ, ಅದೇ ನಾನೂರು ಗ್ರಾಂ ನಲವತ್ತು ಕಿಲೋಮೀಟರಿನೊಳಗೇ ಬರಿದು! ಇಬ್ಬರೂ ಹೊತ್ತಿರುವ ಬುತ್ತಿ ಒಂದೇ. ಖರ್ಚು ಮಾಡಿದ ಬಗೆ ಬೇರೆ. ನಡುದಾರಿಯಲ್ಲಿ ಕಾಲೇ ಏಳದಂತಾಗುವ ಸ್ಥಿತಿಗೆ ಇಂಥ ಬರಿದಾಗುವಿಕೆ ಒಂದು ಮುಖ್ಯ ಕಾರಣ.

ಉಪವಾಸದ ನಡಿಗೆ ಎಷ್ಟು ಕ್ಷೇಮ?

ಸ್ನಾಯುವಿನ ಪಿಷ್ಟವನ್ನು ಆ ಸ್ನಾಯು ಮಾತ್ರ ಬಳಸಬಲ್ಲದು. ಅದನ್ನು ಗ್ಲೂಕೋಸಾಗಿ ರಕ್ತಕ್ಕೆ ಬಿಟ್ಟುಕೊಡುವ ಕಿಣ್ವ ಅದರಲ್ಲಿಲ್ಲ. ರಕ್ತದ ಗ್ಲೂಕೋಸ್ ಮಟ್ಟವನ್ನು ಮುಖ್ಯವಾಗಿ ಕಾಯುವುದು ಯಕೃತ್ತು. ಅದರ ದೊಡ್ಡ ಗ್ರಾಹಕ ಮಿದುಳು. ಮಿದುಳಿಗೆ ದಿನವೊಂದಕ್ಕೆ ನೂರ ಇಪ್ಪತ್ತು ಗ್ರಾಂನಷ್ಟು ಗ್ಲೂಕೋಸ್ ಬೇಕು. ರಾತ್ರಿ ಊಟವಾಗಿ ಬೆಳಗಾಗುವುದರೊಳಗೆ ಯಕೃತ್ತಿನ ದಾಸ್ತಾನು ಸಾಕಷ್ಟು ಇಳಿದಿರುತ್ತದೆ. ಅದಾದ ಮೇಲೆ ಯಕೃತ್ತು ಇತರ ವಸ್ತುಗಳಿಂದ ಗ್ಲೂಕೋಸ್ ತಯಾರಿಸುತ್ತದಾದರೂ ದಿನವಿಡೀ ನಡೆಯುವವನ ಬೇಡಿಕೆಗೆ ಅದು ಸಾಲದೆ ಹೋಗಬಹುದು. ದರ್ಶನವಾಗುವವರೆಗೆ ಏನನ್ನೂ ಮುಟ್ಟೆನೆಂದು ಹರಕೆ ಹೊತ್ತವರಿಗೆ ಕೈಕಾಲು ನಡುಕ, ತಲೆಸುತ್ತು, ಸಿಡುಕು, ಗೊಂದಲ ಕಾಣಿಸಿಕೊಂಡರೆ ಅದು ಭಕ್ತಿಯ ಕೊರತೆಯಲ್ಲ, ಸಕ್ಕರೆಯ ಕೊರತೆ. ಅವರಿಗೆ ಹಣ್ಣು, ಬೆಲ್ಲದ ಪಾನಕವನ್ನಾದರೂ ಕೊಡಬೇಕು.

ದಾರಿಯ ಬುತ್ತಿ

ಕೊಟ್ಟೂರಿನ ಹಾದಿಯಲ್ಲಿ ದಾನಿಗಳು ಅಲ್ಲಲ್ಲಿ ಪ್ರಸಾದ, ಮಜ್ಜಿಗೆ, ಹಣ್ಣು ಹಂಚುವುದು ರೂಢಿ. ಇದು ಪುಣ್ಯದ ಕೆಲಸವಷ್ಟೇ ಅಲ್ಲ, ಶರೀರಶಾಸ್ತ್ರವೂ ಒಪ್ಪುವ ಕೆಲಸ. ದೀರ್ಘ ನಡಿಗೆಯಲ್ಲಿ ಗಂಟೆಗೆ ಮೂವತ್ತು ಗ್ರಾಂ ಶರ್ಕರಪಿಷ್ಟ ಒಳಗೆ ಹೋದರೆ ಉಗ್ರಾಣದ ಮೇಲಿನ ಹೊರೆ ಗಣನೀಯವಾಗಿ ತಗ್ಗುತ್ತದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು ಇಪ್ಪತ್ತೈದು ಗ್ರಾಂ ಇರುತ್ತದೆ. ಲಿಂಬೆ ಗಾತ್ರದ ಬೆಲ್ಲದ ತುಂಡೂ ಇದೇ ಕೆಲಸ ಮಾಡುತ್ತದೆ.

ಹೊರಡುವ ಹಿಂದಿನ ದಿನ ರೊಟ್ಟಿ, ಅನ್ನ, ಮುದ್ದೆಯಂತಹ ಪಿಷ್ಟಭರಿತ ಊಟ ಹೊಟ್ಟೆ ತುಂಬ ಮಾಡಿದರೆ ಸ್ನಾಯುವಿನ ದಾಸ್ತಾನು ತುಂಬಿಕೊಳ್ಳುತ್ತದೆ. ಶೇಂಗಾದ ತೂಕದಲ್ಲಿ ಅರ್ಧದಷ್ಟು ಕೊಬ್ಬೇ. ರಾತ್ರಿ ತಂಗುವಲ್ಲಿ ರೊಟ್ಟಿಯೊಡನೆ ಶೇಂಗಾ ಚಟ್ನಿ ಒಳ್ಳೆಯದು, ನಡೆಯುವಾಗ ಅದನ್ನೇ ನೆಚ್ಚಿದರೆ ತಕ್ಷಣಕ್ಕೆ ಒದಗದು. ಕೊಟ್ಟೂರಿನ ಹೆಸರುವಾಸಿ ಮಂಡಕ್ಕಿ ಮಿರ್ಚಿಯ ವಿಷಯದಲ್ಲೂ ಇದೇ ಮಾತು. ಮಂಡಕ್ಕಿ ಹಗುರ, ಬೇಗ ಜೀರ್ಣವಾಗುವ ಪಿಷ್ಟ. ಎಣ್ಣೆಯಲ್ಲಿ ಕರಿದ ಮಿರ್ಚಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕುಳಿತುಬಿಡುತ್ತದೆ. ಮಿರ್ಚಿಯ ಸವಿಯನ್ನು ದರ್ಶನದ ನಂತರಕ್ಕೆ ಮೀಸಲಿಡುವುದು ಲೇಸು.

ಬಿಸಿಲು, ಬೆವರು, ಉಪ್ಪು

ಸ್ನಾಯು ಬಳಸುವ ಶಕ್ತಿಯಲ್ಲಿ ಕೆಲಸಕ್ಕೆ ಸಲ್ಲುವುದು ಕಾಲು ಭಾಗಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಶಾಖ. ಬೆವರಿನ ಏರ್ಪಾಡು ಇಲ್ಲದಿದ್ದರೆ ಸಾಮಾನ್ಯ ನಡಿಗೆಯೇ ಒಂದು ಗಂಟೆಯಲ್ಲಿ ಮೈಯ ಉಷ್ಣಾಂಶವನ್ನು ಮೂರು ಡಿಗ್ರಿಗೂ ಹೆಚ್ಚು ಏರಿಸಿಬಿಡುತ್ತಿತ್ತು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಮಾರ್ಚ್ ಆರಂಭದ ಹೊತ್ತಿಗೆ ಈ ಭಾಗದ ಮಧ್ಯಾಹ್ನದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಬಿಸಿಲಲ್ಲಿ ನಡೆಯುವವರು ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಬೆವರುವುದುಂಟು.

ನೀರು ಇಂಗಿದಂತೆ ರಕ್ತದ ಪ್ರಮಾಣ ತಗ್ಗುತ್ತದೆ. ಅದೇ ರಕ್ತ ಒಂದೆಡೆ ಸ್ನಾಯುವಿಗೆ ಆಮ್ಲಜನಕ ಒಯ್ಯಬೇಕು, ಇನ್ನೊಂದೆಡೆ ಚರ್ಮಕ್ಕೆ ಶಾಖ ಸಾಗಿಸಬೇಕು. ಇದರಿಂದ ಹೃದಯದ ಹೊರೆ ಏರುತ್ತದೆ. ನಸುಕು ಹಾಗೂ ಇಳಿಹೊತ್ತಿನಲ್ಲಿ ನಡೆದು ನಡುಹಗಲು ನೆರಳಲ್ಲಿ ತಂಗುವ ಹಿರಿಯರ ರೂಢಿ ಈ ದೃಷ್ಟಿಯಿಂದ ಅತ್ಯಂತ ವೈಜ್ಞಾನಿಕ.

ಬರೀ ನೀರನ್ನೇ ಅತಿಯಾಗಿ ಕುಡಿಯುವುದೂ ತಪ್ಪು. ಬೆವರಿನೊಡನೆ ಉಪ್ಪೂ ಹೋಗಿರುವುದರಿಂದ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಪರು ಬರಬಹುದು. ಉಪ್ಪು ಬೆರೆಸಿದ ಮಜ್ಜಿಗೆ ಉತ್ತಮ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಂಡರೂ ಆದೀತು. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯುಳ್ಳವರು ಉಪ್ಪು ಮತ್ತು ನೀರಿನ ಅಳತೆಯನ್ನು ವೈದ್ಯರಲ್ಲಿ ಕೇಳಿಯೇ ಹೊರಡಬೇಕು.

ಮಧುಮೇಹಿಗಳು ಮರೆಯಬಾರದ ಮಾತು

ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಹೀರಿಕೊಳ್ಳುತ್ತದೆ. ಮಧುಮೇಹಿಗಳಿಗೆ ನಡಿಗೆ ಹಿತವೆನ್ನುವುದು ಇದಕ್ಕಾಗಿಯೇ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಎಂದಿನ ಪ್ರಮಾಣವನ್ನೇ ನುಂಗಿ ದಿನವಿಡೀ ನಡೆದರೆ ಔಷಧ ಮತ್ತು ನಡಿಗೆ ಎರಡೂ ಸೇರಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ನಡಿಗೆ ನಿಂತ ಮೇಲೂ ಸ್ನಾಯುಗಳು ತಮ್ಮ ದಾಸ್ತಾನು ತುಂಬಿಕೊಳ್ಳುತ್ತಲೇ ಇರುವುದರಿಂದ ರಾತ್ರಿ ನಿದ್ದೆಯಲ್ಲೂ ಈ ಇಳಿತ ಸಂಭವಿಸಬಹುದು. ಔಷಧದ ಪ್ರಮಾಣವನ್ನು ಹೊರಡುವ ಮುನ್ನವೇ ವೈದ್ಯರಿಂದ ನಿಗದಿಪಡಿಸಿಕೊಳ್ಳುವುದು, ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳುವುದು, ಜೊತೆಯವರಿಗೆ ಕಾಯಿಲೆಯ ವಿಷಯ ತಿಳಿಸಿರುವುದು ಅಗತ್ಯ. ಕಾಲಿನ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನ ಹರಕೆ ಹೊರದಿರುವುದು ಕ್ಷೇಮ.

ತಣ್ಣನೆಯ ಬೆವರು, ನಡುಕ ಕಂಡರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಎದೆನೋವು, ಮೈ ಸುಡುತ್ತಿದ್ದು ಮಾತು ತೊದಲುವುದು, ವಿಪರೀತ ಗೊಂದಲ ಇವು ತಡಮಾಡದೆ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು. ಅಂಬುಲೆನ್ಸ್ ಬರುವವರೆಗೆ ಮೈ ಸುಡುತ್ತಿರುವವರನ್ನು ನೆರಳಿಗೆ ಒಯ್ದು, ನೀರು ಚಿಮುಕಿಸಿ ಗಾಳಿ ಬೀಸಬೇಕು.

ಅಭ್ಯಾಸದಿಂದ ಆಗುವ ಲಾಭ

ಪಾದಯಾತ್ರೆಗೆ ಆರರಿಂದ ಎಂಟು ವಾರ ಮುಂಚೆ ದಿನಕ್ಕೆ ಅರ್ಧ ಗಂಟೆಯಿಂದ ಆರಂಭಿಸಿ ನಡಿಗೆಯನ್ನು ಕ್ರಮವಾಗಿ ಹೆಚ್ಚಿಸುತ್ತ ಹೋದರೆ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಗಳು ವೃದ್ಧಿಸುತ್ತವೆ, ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ನೂಕುತ್ತದೆ. ಪರಿಣಾಮವಾಗಿ ಅದೇ ವೇಗದಲ್ಲಿ ಕೊಬ್ಬಿನ ಪಾಲು ಏರಿ, ಪಿಷ್ಟ ಉಳಿತಾಯವಾಗುತ್ತದೆ. ಅಂದರೆ ಉಗ್ರಾಣದ ಕಿರಿದಾದ ಬಾಗಿಲು ಅಗಲವಾಗುತ್ತದೆ. ರೈತನ ಕಾಲಿಗೂ ಕಚೇರಿಯವರ ಕಾಲಿಗೂ ಇರುವ ಅಂತರ ಬಹುಪಾಲು ಇದೇ. ಅದು ಹುಟ್ಟಿನಿಂದ ಬಂದದ್ದಲ್ಲ, ಬಳಕೆಯಿಂದ ಬಂದದ್ದು.

ಕೆಲವು ತಪ್ಪು ತಿಳಿವಳಿಕೆಗಳು

ಮರುದಿನದ ಮೈಕೈ ನೋವು ಲ್ಯಾಕ್ಟಿಕ್ ಆಮ್ಲದಿಂದ: ಅಲ್ಲ. ಲ್ಯಾಕ್ಟೇಟ್ ದುಡಿಮೆ ನಿಂತ ಒಂದು ಗಂಟೆಯ ಸುಮಾರಿಗೆ ತೆರವಾಗಿರುತ್ತದೆ. ಒಂದೆರಡು ದಿನದ ಮೇಲೆ ಹೆಚ್ಚುವ ನೋವಿಗೆ ಸ್ನಾಯುವಿನ ಎಳೆಗಳಲ್ಲಾದ ಸೂಕ್ಷ್ಮ ಗಾಯಗಳು ಕಾರಣ. ಇಳಿಜಾರಿನಲ್ಲಿ ನಡೆದಾಗ ಇದು ಹೆಚ್ಚು.

ಹೆಚ್ಚು ಬೆವರಿದರೆ ಹೆಚ್ಚು ಕೊಬ್ಬು ಕರಗಿತು: ಅಲ್ಲ. ಬೆವರಿನಿಂದ ಇಳಿದ ತೂಕ ನೀರಿನದು. ನೀರು ಕುಡಿದೊಡನೆ ಮರಳುತ್ತದೆ. ಎಪ್ಪತ್ತು ಕಿಲೋಮೀಟರಿನ ಶಕ್ತಿಯೆಲ್ಲ ಕೊಬ್ಬಿನಿಂದಲೇ ಬಂತೆಂದುಕೊಂಡರೂ ಕರಗುವುದು ಮುನ್ನೂರೈವತ್ತು ಗ್ರಾಂ ಮಾತ್ರ.

ಉಸಿರು ಕಟ್ಟುವಷ್ಟು ನಡೆದರೇ ವ್ಯಾಯಾಮ: ಅಲ್ಲ. ಪಕ್ಕದವರೊಡನೆ ಮಾತನಾಡುತ್ತ ನಡೆಯಲು ಸಾಧ್ಯವಿದ್ದರೆ ಅದು ಕೊಬ್ಬು ಚೆನ್ನಾಗಿ ಉರಿಯುವ, ದೂರ ಸಾಗಿಸುವ ವೇಗ. ಮಾತು ತುಂಡಾಗತೊಡಗಿದರೆ ಪಿಷ್ಟದ ಗಂಟು ಬಿಚ್ಚಿತೆಂದೇ ಅರ್ಥ.

ಪಾದಯಾತ್ರಿಗಳ ಗುಂಪುಗಳು ಹಾಡು, ಭಜನೆ ಹೇಳುತ್ತ ನಡೆಯುವುದನ್ನು ಎಲ್ಲರೂ ಕಂಡಿರುತ್ತಾರೆ. ಹಾಡಿಕೊಂಡು ನಡೆಯಬಲ್ಲವನ ಉಸಿರು, ಇಂಧನ ಎರಡೂ ಹತೋಟಿಯಲ್ಲಿರುತ್ತವೆ. ತೇರಿನ ಸಮಯಕ್ಕೆ ಊರು ಮುಟ್ಟಲು ಒಂದು ದಿನ ಮುಂಚಿತವಾಗಿ ಹೊರಡಬಹುದು. ದೇಹವನ್ನು ಅವಸರಪಡಿಸಿ ಆ ದಿನವನ್ನು ಉಳಿಸಲಾಗದು.